ಬಂದವರು ಕಲಿತ ಭಾಷೆ, ಹುಟ್ಟಿದವರ ಹಿಂಜರಿಕೆ

(ಚಾಮರಾಜನಗರದಲ್ಲಿ ನಡೆದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)



ಗುಂಡ್ಲುಪೇಟೆಯಿಂದಲೂ ಹಲವು ಕುಟುಂಬಗಳು ಈ ಸಭೆಗೆ ಬಂದಿರುವುದು ನಮಗೆ ಸಂತೋಷ ತಂದಿದೆ. ಆ ಕಡೆಯ ಶಿಕ್ಷಕರೊಬ್ಬರು ನಮಗೆ ತಿಳಿಸಿದ ಸಂಗತಿಯೊಂದರಿಂದಲೇ ಮಾತು ಆರಂಭಿಸುತ್ತೇವೆ.

ಎಂಟನೆಯ ತರಗತಿಯ ಬಾಲಕನೊಬ್ಬನ ತಾಯಿಯನ್ನು ಆ ಶಿಕ್ಷಕರು ಶಾಲೆಗೆ ಕರೆಸಿದ್ದರು. ತಾಯಿಗೆ ಕನ್ನಡ ಬಾರದು. ಶಿಕ್ಷಕರಿಗೆ ಉರ್ದು ಬಾರದು. ನಡುವೆ ದುಭಾಷಿಯಾಗಿ ನಿಂತವನು ಅದೇ ಬಾಲಕ. "ನಿಮ್ಮ ಮಗ ಹದಿನೈದು ದಿನಗಳಿಂದ ಶಾಲೆಗೆ ಬಂದಿಲ್ಲ, ವಿಚಾರಿಸಿಕೊಳ್ಳಿ ಅಮ್ಮಾ" ಎಂದರು ಶಿಕ್ಷಕರು. "ನಾನು ಚೆನ್ನಾಗಿ ಓದುತ್ತಿದ್ದೇನೆ ಎನ್ನುತ್ತಿದ್ದಾರೆ ಅಮ್ಮೀ" ಎಂದ ಮಗ. ತಾಯಿಯ ಮುಖ ಅರಳಿತು. ಶಿಕ್ಷಕರಿಗೆ ಎರಡೆರಡು ಬಾರಿ ಕೃತಜ್ಞತೆ ಹೇಳಿ ಆಕೆ ಮನೆಗೆ ಮರಳಿದರು. ಈ ತಾಯಿ ನಕ್ಕದ್ದೇಕೆಂದು ಶಿಕ್ಷಕರಿಗೆ ಅಂದು ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಬಾಲಕ ಶಾಲೆ ಬಿಟ್ಟು ಗ್ಯಾರೇಜ್ ಸೇರಿದ್ದ.

ಇಲ್ಲಿ ತಪ್ಪು ಯಾರದು? ಬಾಲಕನದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ತನ್ನ ಮಗನ ಬಗ್ಗೆ ಆಡಿದ ಮಾತನ್ನು ಆ ಮಗನ ಬಾಯಿಂದಲೇ ಕೇಳಬೇಕಾದ ಸ್ಥಿತಿಗೆ ಒಬ್ಬ ತಾಯಿಯನ್ನು ತಂದು ನಿಲ್ಲಿಸಿದವರು ನಾವು. ಇದೇ ನೆಲದಲ್ಲಿ ಹುಟ್ಟಿ, ಇದೇ ನೆಲದಲ್ಲಿ ಮಣ್ಣಾಗುವ ನಮಗೆ ಇಲ್ಲಿನ ಭಾಷೆ ಅಂಗಡಿಯ ಲೆಕ್ಕಕ್ಕೆ ಮಾತ್ರ ಸಾಕೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಹೊರಗಿನಿಂದ ಬಂದು ಈ ಭಾಷೆಯನ್ನು ಕಲಿತ ತರುಣನೊಬ್ಬನ ಬದುಕನ್ನು ನಿಮಗೆ ಹೇಳಬಯಸುತ್ತೇವೆ.

ಜರ್ಮನಿಯ ಉತ್ತರದ ಕಡಲಂಚಿನಲ್ಲಿ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಪ್ರದೇಶವಿದೆ. ಅಲ್ಲಿನ ರೆಸ್ಟರ್‌ಹಾಫೆ ಎಂಬಲ್ಲಿ 1832ರ ಏಪ್ರಿಲ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಫರ್ಡಿನೆಂಡ್ ಕಿಟೆಲ್ ಜನಿಸಿದರು. ಸ್ವಿಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದಿಳಿದಾಗ ಅವರಿಗೆ 21 ವರ್ಷ. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಇವೆಲ್ಲವನ್ನೂ ಓದಿಕೊಂಡಿದ್ದ ತರುಣ. ಆದರೆ ಧಾರವಾಡದ ಸಂತೆಯಲ್ಲಿ ನಿಂತಾಗ ಅವುಗಳಲ್ಲಿ ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಊರು ಹೊಸದು, ಊಟ ಹೊಸದು, ಬಿಸಿಲು ಹೊಸದು. ಎಲ್ಲಕ್ಕಿಂತ ಮಿಗಿಲಾಗಿ ಕಿವಿಗೆ ಬೀಳುವ ಪ್ರತಿಯೊಂದು ಶಬ್ದವೂ ಹೊಸದು. ವಿದ್ವಾಂಸನೆನಿಸಿಕೊಂಡವನು ಮತ್ತೆ ಮಗುವಿನಂತೆ ಅ, ಆ, ಇ, ಈ ತಿದ್ದಬೇಕಾಯಿತು.

ಆ ಕಾಲದಲ್ಲಿ ಪರದೇಶದವರಿಗೆ ಭಾಷೆ ಕಲಿಸುವವರನ್ನು 'ಮುನ್ಷಿ' ಎಂದು ಕರೆಯುತ್ತಿದ್ದರು. ನಮ್ಮ ಮನೆಗಳಿಗೆ ಪರಿಚಿತವಾದ ಮಾತೇ ಅದು. ಮುನ್ಷಿಯ ಮುಂದೆ ಕುಳಿತು ಪಾಠ ಕೇಳಿದವರು ಬಹಳ ಮಂದಿ. ಕಿಟೆಲ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಹಳ್ಳಿಗಳಿಗೆ ನಡೆದು ಹೋಗಿ, ಜನರೊಡನೆ ಬೆರೆತು, ಅವರ ಮಾತನ್ನು ಅವರ ಬಾಯಿಂದಲೇ ಕೇಳಬೇಕೆಂಬ ಹಂಬಲ ಅವರದು. ಅವರ ಈ ರೀತಿ ಮಿಷನ್ನಿನ ಎಲ್ಲ ಹಿರಿಯರಿಗೂ ಒಪ್ಪಿಗೆಯಾಗಲಿಲ್ಲ. ಉಪದೇಶ ಮಾಡಲು ಬೇಕಾದಷ್ಟು ಭಾಷೆ ಸಾಲದೇ, ಇಷ್ಟೊಂದು ಏಕೆ ಎಂಬ ಭಾವನೆ ಹಲವರಲ್ಲಿತ್ತು. ಆದರೂ ಅವರು ಹಿಡಿದ ದಾರಿ ಬಿಡಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಹೀಗೆ ಊರು ಬದಲಾದರೂ ಕಲಿಕೆ ನಿಲ್ಲಲಿಲ್ಲ.

ಯುರೋಪಿನವರ ನಾಲಿಗೆಗೆ ನಮ್ಮ 'ಳ'ಕಾರ, 'ಣ'ಕಾರಗಳು ಒಗ್ಗುವುದು ಕಷ್ಟ. 'ಹಳ್ಳಿ' ಎನ್ನಲು ಹೋಗಿ 'ಹಲ್ಲಿ' ಎಂದರೆ ಕೇಳಿದವರು ನಗದಿರುತ್ತಾರೆಯೇ? ಈ ಕಷ್ಟ ನಮಗೂ ಗೊತ್ತು. ದಖನಿ ಉರ್ದು ಆಡುವ ಮನೆಗಳಿಂದ ಶಾಲೆಗೆ ಹೋಗುವ ನಮ್ಮ ಮಕ್ಕಳು ಎಡವುವುದೂ ಅಲ್ಲಿಯೇ. 'ಹಣ' ಎಂಬುದು 'ಹನ' ಆಗುತ್ತದೆ, 'ಹಾಳು' ಎಂಬುದು 'ಹಾಲು' ಆಗುತ್ತದೆ. ಸಹಪಾಠಿಗಳು ನಗುತ್ತಾರೆ. ಮರುದಿನದಿಂದ ಮಗು ಬಾಯಿ ತೆರೆಯುವುದಿಲ್ಲ. ನಮ್ಮ ಚಲನಚಿತ್ರಗಳು ದಶಕಗಳ ಕಾಲ ಮುಸ್ಲಿಮ್ ಪಾತ್ರದ ಬಾಯಲ್ಲಿ 'ನಮ್ದುಕೆ', 'ನಿಮ್ದುಕೆ' ಎಂಬ ಮಾತುಗಳನ್ನಿಟ್ಟು ಪ್ರೇಕ್ಷಕರನ್ನು ನಗಿಸಿದವು. ಆ ನಗುವಿನಲ್ಲಿ ಇರುವ ಅಪಮಾನವನ್ನು ನಾವು ಖಂಡಿಸಿದ್ದೇವೆ, ಖಂಡಿಸಲೇಬೇಕು. ಆದರೆ ನಗುವಿಗೆ ಹೆದರಿ ಮೌನಿಯಾದವನು ನಗುವವನನ್ನೇ ಗೆಲ್ಲಿಸುತ್ತಾನೆ. ತಪ್ಪುತ್ತ ತಪ್ಪುತ್ತಲೇ ಮಾತನಾಡಿದ ಪರದೇಶಿ ತರುಣ ಮುಂದೊಂದು ದಿನ ಏನಾದರೆಂಬುದನ್ನು ನೋಡಿ.

1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವೆಂಬ ಹಳಗನ್ನಡ ವ್ಯಾಕರಣವನ್ನು ಅವರು ಸಂಪಾದಿಸಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಹೊರಬಂತು. 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅಂದು ಅವರಿಗೆ 62 ವರ್ಷ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ನಿಧನರಾದರು. 21ರ ಹರೆಯದಲ್ಲಿ ಆರಂಭವಾದ ಕಲಿಕೆ 71ರ ವಯಸ್ಸಿನವರೆಗೂ ಮುಗಿಯಲಿಲ್ಲ.

ಆ ನಿಘಂಟಿನಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಹಿಂದೂಸ್ತಾನಿಯಿಂದ ಬಂದ ಶಬ್ದಗಳನ್ನು ಕಿಟೆಲ್ ಹೊರಗಿಡಲಿಲ್ಲ. ಅವುಗಳ ಮೂಲವನ್ನು ಗುರುತಿಸಿ ಕನ್ನಡ ಶಬ್ದಗಳ ಸಾಲಿನಲ್ಲೇ ಸೇರಿಸಿದರು. ಜನರ ಬಾಯಲ್ಲಿರುವುದೆಲ್ಲ ಜನರ ಭಾಷೆ ಎಂಬುದು ಅವರ ಕ್ರಮ. ಜಿಲ್ಲೆ, ತಾಲೂಕು, ಅರ್ಜಿ, ವಕೀಲ, ಜಮೀನು, ಖಾಲಿ, ತಯಾರಿ ಇವನ್ನೆಲ್ಲ ತೆಗೆದುಹಾಕಿ ಒಂದು ದಿನ ವ್ಯವಹರಿಸಲು ಕನ್ನಡಿಗರಿಂದ ಸಾಧ್ಯವೇ? ಈ ಶಬ್ದಗಳಿಗೆ ಕನ್ನಡದ ಮನೆಯಲ್ಲಿ ಜಾಗ ಸಿಕ್ಕು ಶತಮಾನಗಳಾದವು. ಅವುಗಳನ್ನಾಡುವ ನಾವು ಮಾತ್ರ ಇನ್ನೂ ಜಗಲಿಯ ಮೇಲೆ ಕುಳಿತಿದ್ದೇವೆ.

ನಿಮ್ಮಲ್ಲಿ ಕೆಲವರು ಕೇಳಬಹುದು: ಕಿಟೆಲ್ ಬಂದದ್ದು ತಮ್ಮ ಧರ್ಮ ಪ್ರಚಾರಕ್ಕಲ್ಲವೇ, ಅವರನ್ನು ನಮಗೇಕೆ ಮಾದರಿಯಾಗಿ ತೋರಿಸುತ್ತೀರಿ? ಹೌದು, ಅವರು ಬಂದದ್ದು ಅದಕ್ಕೇ. ಬಂದದ್ದು ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಎಂಬುದೂ ನಿಜ. ಅವರ ಉದ್ದೇಶವನ್ನು ನಾವು ಹಂಚಿಕೊಳ್ಳಬೇಕಿಲ್ಲ. ಆದರೆ ಜನರೊಡನೆ ಮಾತನಾಡಬೇಕಾದರೆ ಮೊದಲು ಆ ಜನರ ಮಾತನ್ನು ಕೇಳಬೇಕೆಂಬ ಅವರ ವಿವೇಕ ಯಾರೊಬ್ಬರ ಸೊತ್ತೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರು ತರುಣ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಲಿಪಿಯನ್ನು ಕಲಿಯಲು ಆದೇಶಿಸಿದ್ದರು. ಅವರು ಅರ್ಧ ತಿಂಗಳೊಳಗೆ ಕಲಿತರೆಂಬ ವರದಿ ಹದೀಸ್‌ನಲ್ಲಿದೆ. ಪತ್ರ ಓದಲು ಇನ್ನೊಬ್ಬರನ್ನು ಅವಲಂಬಿಸಬಾರದು ಎಂಬುದೇ ಅದರ ಹಿಂದಿನ ಕಾರಣ. ಶಾಲೆಯ ಆ ತಾಯಿಯನ್ನು ಇಲ್ಲಿ ನೆನಪಿಸಿಕೊಳ್ಳಿ.

ಇನ್ನೊಂದು ಆತಂಕವೂ ಇದೆ. ಕನ್ನಡ ಮನೆಯೊಳಗೆ ಬಂದರೆ ಉರ್ದು ಹೊರಗೆ ಹೋಗುತ್ತದೆಯೇ? ಗುಂಡ್ಲುಪೇಟೆಯ ಕೆಲವು ಮನೆಗಳಲ್ಲಿ ಇದೇ ಪ್ರಶ್ನೆಯನ್ನು ಮಲಯಾಳಂ ಬಗ್ಗೆ ಕೇಳುತ್ತಾರೆ. ಕನ್ನಡಕ್ಕಾಗಿ ಬಾಳು ಸವೆಸಿದ ಕಿಟೆಲ್ ಜರ್ಮನ್ ಭಾಷೆಯನ್ನು ಮರೆತರೇ? ಬತ್ತೇರಿಯ ವ್ಯಾಪಾರಿ ಬಂದರೆ ನಾವು ಮಲಯಾಳಂ ಆಡುತ್ತೇವೆ, ಸತ್ಯಮಂಗಲದವರು ಬಂದರೆ ತಮಿಳು ಆಡುತ್ತೇವೆ. ಗಲ್ಫ್‌ಗೆ ಹೋದ ನಮ್ಮ ಹುಡುಗರು ಕೆಲವೇ ತಿಂಗಳುಗಳಲ್ಲಿ ಅರಬಿ ಮಾತನಾಡಲು ಕಲಿಯುತ್ತಾರೆ. ನಾಲ್ಕು ಭಾಷೆಗಳಿಗೆ ಜಾಗವಿರುವ ನಾಲಿಗೆಯಲ್ಲಿ ಕನ್ನಡಕ್ಕೆ ಮಾತ್ರ ಜಾಗವಿಲ್ಲವೆಂದರೆ ಯಾರು ನಂಬುತ್ತಾರೆ? ತಾಯ್ನುಡಿ ಉಳಿಯಲಿ, ನಾಡನುಡಿ ಬೆಳೆಯಲಿ.

ಇದು ಸಾಧ್ಯವೆಂಬುದಕ್ಕೆ ದೂರದ ಸಾಕ್ಷಿ ಬೇಕಿಲ್ಲ. ಶಿವಮೊಗ್ಗದಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳನ್ನು ತಂದೆ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬುದು ಶಾಲೆಯ ಷರತ್ತು. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಬಾಲಕಿಯೇ ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ದೊರೆಯಿತು. ಕನ್ನಡಕ್ಕೆ ಸಂದ ಮೊದಲ ಬುಕರ್ ಅದು. ಅದೇ ವರ್ಷದ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದಾಗ ಕೆಲವರು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ಅರ್ಜಿಗಳು ವಜಾಗೊಂಡವು, ಸೆಪ್ಟೆಂಬರ್‌ನಲ್ಲಿ ಅವರೇ ಉದ್ಘಾಟಿಸಿದರು. ಯಾರು ಕನ್ನಡಿಗರು ಎಂಬ ಪ್ರಮಾಣಪತ್ರವನ್ನು ಹಂಚುವ ಅಧಿಕಾರವನ್ನು ಈ ನಾಡು ಯಾವ ಪಕ್ಷಕ್ಕೂ ಕೊಟ್ಟಿಲ್ಲ. ಭಾಷೆ ಕಲಿತರೆ ಮಾತ್ರ ನಮಗೆ ಹಕ್ಕು ಸಿಗುತ್ತದೆ ಎಂದೂ ನಾವು ಹೇಳುತ್ತಿಲ್ಲ. ಹಕ್ಕು ಸಂವಿಧಾನ ಕೊಟ್ಟದ್ದು. ಆದರೆ ಆ ಹಕ್ಕನ್ನು ಕೇಳಲು, ಅರ್ಜಿ ಬರೆಯಲು, ಅನ್ಯಾಯವಾದಾಗ ಎದ್ದು ನಿಂತು ಮಾತನಾಡಲು ಭಾಷೆ ಬೇಕೇ ಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳೇನೂ ಬೇಡ. ಪ್ರತಿ ಮನೆಗೂ ಒಂದು ಕನ್ನಡ ಪತ್ರಿಕೆ ಬರಲಿ. ಅದನ್ನು ಗಂಡಸರು ಹೋಟೆಲಿಗೆ ಒಯ್ಯದೆ ಹೆಂಗಸರ ಕೈಗೂ ಕೊಡಲಿ. ಓದಲು ಬಾರದ ತಾಯಿಗೆ ಮಗಳೇ ಮುನ್ಷಿಯಾಗಲಿ. ದಿನಕ್ಕೆ ಅರ್ಧ ಗಂಟೆ ಸಾಕು. ಮಗು 'ಹಲ್ಲಿ' ಎಂದಾಗ ನಾವು ಮನೆಯಲ್ಲಿ ನಗದೆ ತಿದ್ದೋಣ. ಮಸೀದಿಯ ಪ್ರಕಟಣೆಗಳು ಕನ್ನಡದಲ್ಲಿಯೂ ಇರಲಿ; ಒಳಗೆ ನಡೆಯುವುದೇನೆಂಬುದು ಪಕ್ಕದ ಮನೆಯವರಿಗೂ ತಿಳಿಯಲಿ.

ಕಲಿಯುವಾಗ ನಮ್ಮ ಜಿಲ್ಲೆಯ ಕನ್ನಡವನ್ನು ಕೀಳಾಗಿ ಕಾಣಬೇಡಿ. ಇಲ್ಲಿನ ರೈತನ ಬಾಯಲ್ಲಿ ಹಾಲು 'ಆಲು' ಆಗುತ್ತದೆ, ಹಳ್ಳಿ 'ಅಳ್ಳಿ' ಆಗುತ್ತದೆ, ಸ್ವಲ್ಪ ಎಂಬುದು 'ವಸಿ' ಆಗುತ್ತದೆ. ಪುಸ್ತಕದ ಕನ್ನಡ ಆಡದ ಈ ಜನರೇ ಮಂಟೇಸ್ವಾಮಿ, ಮಾದೇಶ್ವರರ ಕಥೆಗಳನ್ನು ರಾತ್ರಿಯಿಡೀ ಹಾಡಬಲ್ಲವರು. ನಾಲಿಗೆ ಸ್ವಲ್ಪ ತಪ್ಪಿದ ಮಾತ್ರಕ್ಕೆ ಕನ್ನಡ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ಕಡಲು ದಾಟಿ ಬಂದ ತರುಣನಿಗೆ ಈ ಭಾಷೆಯನ್ನು ಕಲಿಯಲು ಐವತ್ತು ವರ್ಷ ಸಾಲಲಿಲ್ಲ. ನಮಗೆ ಅಷ್ಟು ಬೇಕಿಲ್ಲ. ಇಲ್ಲಿಯ ಗಾಳಿಯಲ್ಲಿ ಅದು ಹುಟ್ಟಿನಿಂದಲೇ ನಮ್ಮ ಕಿವಿಗೆ ಬಿದ್ದಿದೆ. ಮುಂದಿನ ಬಾರಿ ಶಿಕ್ಷಕರು ನಮ್ಮ ತಾಯಂದಿರಲ್ಲೊಬ್ಬರನ್ನು ಶಾಲೆಗೆ ಕರೆಸಿದಾಗ, ನಡುವೆ ಯಾರೂ ನಿಲ್ಲದಿರಲಿ. ಕೇಳಬೇಕಾದ ಮಾತನ್ನು ಆ ತಾಯಿ ನೇರವಾಗಿ ಕೇಳಲಿ, ಹೇಳಬೇಕಾದುದನ್ನು ನೇರವಾಗಿ ಹೇಳಲಿ. ಆ ದಿನವನ್ನು ತರುವ ಕೆಲಸ ಇಂದು ಸಂಜೆ ನಮ್ಮ ನಮ್ಮ ಮನೆಗಳಲ್ಲೇ ಆರಂಭವಾಗಲಿ.