ಮದುಮಗನ ಬೂಟು, ಕಲ್ಯಾಣಮ್ಮನ ತೊಡೆ

(ಹುಮನಾಬಾದಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)

ಅಕ್ಕತಂಗಿಯರೇ,

ವರದಕ್ಷಿಣೆ ವಿರುದ್ಧದ ಸಭೆಗೆ ಬಂದು ಈ ಅಕ್ಕೋರು ಕಾಲ್ಮರಿಯ ಮಾತು ಯಾಕೆ ತೆಗೆದರು ಎಂದು ನಿಮಗೆ ಅನಿಸಬಹುದು. ಮದುವೆಯ ಮಾತುಕತೆಯಲ್ಲಿ ಬರೆಯುವ ಪಟ್ಟಿಯನ್ನು ನೆನಪು ಮಾಡಿಕೊಳ್ಳಿ. ಹುಂಡಾ ಇಷ್ಟು, ಬಂಗಾರ ಇಷ್ಟು ತೊಲ, ಗಾಡಿ, ಸೂಟು, ವಾಚು, ಬೂಟು. ಬೂಟು ಸಣ್ಣ ವಸ್ತು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಎಂಬ ಹಿಂದಿ ಸಿನಿಮಾ ಬಂತು. ಮದುಮಗನ ಬೂಟು ಬಚ್ಚಿಟ್ಟು ದುಡ್ಡು ಕೇಳುವ ಆಟಕ್ಕೆ ಅದರ ಹಾಡು ಭಾರಿ ಪ್ರಚಾರ ಕೊಟ್ಟಿತು. ಈಗ ನಮ್ಮ ಕಡೆಯ ಮದುವೆಗಳಲ್ಲೂ ಅದನ್ನು ನೋಡುತ್ತೇವೆ. ಆಡಲಿ, ನಗಲಿ. ಆದರೆ ಆ ಬೂಟು ಕೊಂಡವನು ಹುಡುಗಿಯ ಅಪ್ಪ. ತಂಗಿಯರ ಕೈಗೆ ಬರುವುದು ನೂರಾರು ರೂಪಾಯಿ, ಅಪ್ಪನ ಕೈಯಿಂದ ಹೋಗಿರುವುದು ಲಕ್ಷಗಟ್ಟಲೆ.

ನಿಮ್ಮ ಮಕ್ಕಳು ಸಿಂಡ್ರೆಲಾ ಕಥೆ ಓದಿರಬಹುದು. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥೆಯಲ್ಲಿ, ರಾಜಕುಮಾರ ತಂದ ಮೆಟ್ಟು ಹಿಡಿಸಲಿ ಎಂದು ಒಬ್ಬ ಅಕ್ಕ ಕಾಲ್ಬೆರಳು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿ. ಕತ್ತಿ ಕೊಟ್ಟವಳು ಹೆತ್ತ ತಾಯಿ. ಚೀನಾದಲ್ಲಿ ಇದು ಕಥೆಯಾಗಿರಲಿಲ್ಲ. ಐದಾರು ವರ್ಷದ ಹುಡುಗಿಯರ ಕಾಲ್ಬೆರಳುಗಳನ್ನು ಅಂಗಾಲಿನಡಿ ಮಡಚಿ, ಬಟ್ಟೆ ಬಿಗಿದು ಎಲುಬು ಮುರಿಯುತ್ತಿದ್ದರು. ಮೂರಂಗುಲದ ಕಸೂತಿ ಮೆಟ್ಟಿಗೆ ಗಂಡಸರು ಮರುಳಾಗುತ್ತಿದ್ದರು. ಪಾದ ಚಿಕ್ಕದಾದಷ್ಟೂ ಒಳ್ಳೆಯ ಸಂಬಂಧ ಸಿಗುತ್ತಿತ್ತು. 1912ರಲ್ಲಿ ಅಲ್ಲಿನ ಹೊಸ ಸರಕಾರ ಇದನ್ನು ನಿಷೇಧಿಸಿತು. ಒಬ್ಬ ವ್ಯಕ್ತಿಯ ಖಾಸಗಿ ಮೋಹ ಯಾರಿಗೂ ನೋವು ಮಾಡದಿದ್ದರೆ ಅದು ಅವರಿಗೆ ಬಿಟ್ಟ ಮಾತು. ಇಡೀ ಸಮಾಜ ಒಂದು ವಸ್ತುವಿಗೆ ಮರುಳಾಗಿ ಅದಕ್ಕೆ ಹೆಣ್ಣನ್ನು ಹೊಂದಿಸಲು ಹೊರಟಾಗ ಮಾತ್ರ ಎಲುಬು ಮುರಿಯುತ್ತದೆ.

ಈಗ ನಮ್ಮ ಬಸವಕಲ್ಯಾಣಕ್ಕೆ ಬನ್ನಿ. ಹನ್ನೆರಡನೆಯ ಶತಮಾನದ ಸಮಗಾರ ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ಅವರ ಒಂದು ಶರಣಿಗೆ ಬಸವಣ್ಣನವರು ಎರಡು ಶರಣು ಹೇಳಿದರು. ಆ ಋಣ ತೀರಿಸಲು ಹರಳಯ್ಯ ತನ್ನ ತೊಡೆಯ ಚರ್ಮ, ಹೆಂಡತಿ ಕಲ್ಯಾಣಮ್ಮ ತನ್ನ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿದರು ಎಂದು ಶರಣ ಪರಂಪರೆ ಹೇಳುತ್ತದೆ. ಪುರಾಣಿಕರು ಇಲ್ಲಿ ಭಕ್ತಿಯನ್ನು ಕೊಂಡಾಡುತ್ತಾರೆ. ನಾನು ಮುಂದಿನ ಮಾತಿಗೆ ನಿಲ್ಲುತ್ತೇನೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತು ತಿರುಗಿ ಕೊಟ್ಟರು.

‘ನಾವೇನೂ ಕೇಳಿಲ್ರಿ, ಅವರೇ ಪ್ರೀತಿಯಿಂದ ಕೊಟ್ಟಾರ’ ಎಂದು ವರನ ಕಡೆಯವರು ಹೇಳುತ್ತಾರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ಹರಳಯ್ಯ ದಂಪತಿಗಳೂ ಪ್ರೀತಿಯಿಂದಲೇ ಕೊಟ್ಟಿದ್ದರು. ಇನ್ನೊಬ್ಬರ ಮೈಯಿಂದ ಕಿತ್ತದ್ದನ್ನು ಮೆಟ್ಟಬಾರದು ಎಂಬ ವಿವೇಕ ಪಡೆಯುವವನಿಗೆ ಇರಬೇಕು. ಇದೇ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಬಿಜ್ಜಳನ ಆಳ್ವಿಕೆ ಇಬ್ಬರೂ ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿತು ಎನ್ನುತ್ತಾರೆ. ಜಾತಿ ಬಿಟ್ಟ ಮದುವೆಗೆ ಜೀವ ತೆತ್ತ ಊರಿನ ಪಕ್ಕದಲ್ಲೇ ನಾವು ಜಾತಿ ನೋಡಿ, ತೊಲ ತೂಗಿ ಮದುವೆ ಮಾಡುತ್ತೇವೆ. ಆಮೇಲೆ ಅದೇ ಮಗಳಿಗೆ, ‘ಹೆಂಡತಿ ಅಂದ್ರ ಕಾಲಾಗಿನ ಕಾಲ್ಮರಿ’ ಎಂಬ ಮಾತು ಕೇಳಿಸುತ್ತದೆ.

ಕಾನೂನು ತಿಳಿದಿರಲಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಸಜೆ. ಆದರೆ ನೊಂದವಳು ಕೊಟ್ಟ ಹೇಳಿಕೆಯಿಂದಾಗಿ ಅವಳ ಮೇಲೆಯೇ ಈ ಕಾಯ್ದೆಯ ಮೊಕದ್ದಮೆ ಹೂಡುವಂತಿಲ್ಲ. ಕೇಳದೆ ಕೊಟ್ಟ ಉಡುಗೊರೆಗಳಿಗೂ ಪಟ್ಟಿ ಬರೆದು ಸಹಿ ಹಾಕಬೇಕು. ಗಂಡ, ಅವನ ಮನೆಯವರು ಕೊಡುವ ಹಿಂಸೆಗೆ ಇದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಸಹಾಯವಾಣಿ 181.

ಕೊನೆಗೆ ನಿಮ್ಮ ಸಂಘದ ಮಾತು. ವಾರವಾರ ಕೂಡಿಸಿದ ಉಳಿತಾಯದಿಂದ ‘ಮಗಳ ಮದುವೆ’ ಎಂದು ಸಾಲ ಕೇಳಿದಾಗ, ಊಟಕ್ಕೋ ಹುಂಡಾಕ್ಕೋ ಎಂದು ಕೇಳಿ, ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಯಿರಿ. ಹುಂಡಾಕ್ಕಾದರೆ ಸಾಲ ಬೇಡ. ಆ ತಾಯಿಯನ್ನು ಒಂಟಿಯಾಗಿ ಬಿಡಲೂಬೇಡಿ. ನಾಲ್ಕು ಜನ ಜೊತೆಗೂಡಿ ಹೋಗಿ ಬೀಗರ ಮನೆಯಲ್ಲಿ ಕುಳಿತು ಮಾತಾಡಿ. ಈ ಠರಾವು ಇಂದೇ ಆಗಲಿ ಎಂದು ಕೇಳಿಕೊಳ್ಳುತ್ತೇನೆ.

ಶರಣು.