ಹಿತ್ತಿಲ ಹಲಸಿನ ಅತಿಥಿ

(ಭದ್ರಾವತಿಯಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳೆದುರು ಮಾಡಿದ ಭಾಷಣದ ಬರಹರೂಪ)



ಈ ಊರಿನ ನೆನಪಿನಲ್ಲಿ ಮರಕ್ಕೆ ಎರಡು ಬೆಲೆಗಳಿವೆ. 1918ರಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆಗೆ ಅಂದು ಅದು ಇದ್ದಿಲಾಯಿತು. 1936ರಲ್ಲಿ ಸ್ಥಾಪಿತವಾದ ಕಾಗದ ಕಾರ್ಖಾನೆಗೆ ತಿರುಳಾಯಿತು. ಮೂರನೆಯ ಬೆಲೆಯೊಂದನ್ನು ನನಗೆ ತಿಳಿಸಿದ್ದು ಶಿವಮೊಗ್ಗದ ನಮ್ಮ ಹಿತ್ತಿಲಿಗೆ ಬಂದ ಒಂದು ಹಕ್ಕಿ.

ಕಳೆದ ಬೇಸಿಗೆಯ ಆರಂಭದಲ್ಲಿ ಒಂದು ಮುಂಜಾನೆ, ಪೆಟ್ರೋಲು ಮುಗಿದ ಬೈಕು ಗುಡುಗುಡಿಸಿ ನಿಲ್ಲುವಂಥ ಸದ್ದು ಹಲಸಿನ ಮರದಿಂದ ಕೇಳಿಬಂತು. ಮೊದಲು ಬಿರುಸು, ಬಳಿಕ ನಿಧಾನ, ಕೊನೆಗೆ ಮೌನ. ಕಂದು ಮರಕುಟಿಗವು ಕೊಕ್ಕಿನಿಂದ ಮರವನ್ನು ಬಡಿಯುವ ಪರಿಯೇ ಅದು. ತೆಂಗಿನ ತೋಟದಲ್ಲಿ ಕಿರುಚುತ್ತ ಹಾರುವ ಹೊಂಬೆನ್ನಿನ ಮರಕುಟಿಗವನ್ನು ನೀವೆಲ್ಲ ಬಲ್ಲಿರಿ. ಇದು ಹಾಗೆ ಕಣ್ಣಿಗೆ ಬೀಳುವುದಲ್ಲ. ಮೈ ಒಣಗಿದ ಎಲೆಯ ಬಣ್ಣ. ರೆಕ್ಕೆಯ ಮೇಲೆ ಕಪ್ಪು ಅಡ್ಡಗೆರೆಗಳು. ಗಂಡಿಗೆ ಕಣ್ಣಿನ ಕೆಳಗೆ ಚಿಟಿಕೆ ಕುಂಕುಮದಷ್ಟು ಕೆಂಪು. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಅದು ಕಾಂಡದ ಹಿಂಬದಿಗೆ ಸರಿದಿರುತ್ತಿತ್ತು. ಹದಿನೈದು ದಿನಗಳಲ್ಲಿ ನನಗೆ ದಕ್ಕಿದ್ದು ಹಲಸಿನ ತೊಗಟೆಯ ಚಿತ್ರಗಳು ಮಾತ್ರ.

ಕೊನೆಗೊಮ್ಮೆ ಅದು ಹೋಗಿ ಕುಳಿತ ಜಾಗವನ್ನು ಕಂಡು ನಾಚಿದೆ. ಅದೇ ಮರದ ಕೊಂಬೆಯಲ್ಲಿ ಇರುವೆಗೂಡೊಂದಿತ್ತು. ಸಸ್ಯದ ನಾರನ್ನು ಅಗಿದು ಗೂಡು ಕಟ್ಟುವ, ಹೊಟ್ಟೆಯ ತುದಿಯನ್ನು ಮೇಲೆತ್ತಿ ಮೈಮೇಲೆ ಬರುವ ಕಪ್ಪಿರುವೆಗಳವು. ಅವು ಹಿಟ್ಟು ತಿಗಣೆಗಳನ್ನು ಪೋಷಿಸುತ್ತವೆ. ಆದ್ದರಿಂದ ಕಂಡಲ್ಲೆಲ್ಲ ಗೂಡನ್ನು ಸುಡಿರೆಂದು ರೈತರಿಗೆ ವರ್ಷಗಟ್ಟಲೆ ಬೋಧಿಸಿದವನು ನಾನೇ. ನಮ್ಮ ಹಿತ್ತಿಲಿನ ಗೂಡಿಗೂ ಪಂಜು ಸಿದ್ಧವಾಗಿತ್ತು.

ಕಂದು ಮರಕುಟಿಗಕ್ಕೆ ಇರುವೆಯೇ ಮುಖ್ಯ ಆಹಾರ. ಅಷ್ಟೇ ಅಲ್ಲ, ಇರುವೆಗಳು ವಾಸವಾಗಿರುವ ಗೂಡನ್ನೇ ಕೊರೆದು ತಾನೂ ಅಲ್ಲಿ ಮೊಟ್ಟೆಯಿಡುತ್ತದೆ. ನನಗೆ ಸಿಕ್ಕ ಒಂದೇ ಸ್ಪಷ್ಟ ಚಿತ್ರದಲ್ಲಿ ಗೂಡಿನ ತೂತಿನಿಂದ ಹೊರಚಾಚಿದ ತಲೆಯಿದೆ, ಕೊಕ್ಕಿನ ಮೇಲೆ ಎರಡು ಇರುವೆಗಳಿವೆ. ಆಮೇಲೆ ಕ್ಯಾಮೆರಾವನ್ನು ಒಳಗಿಟ್ಟೆ. ಗೂಡಿನ ಬಳಿ ಪದೇ ಪದೇ ಸುಳಿದರೆ ಹಕ್ಕಿ ಮೊಟ್ಟೆಗಳನ್ನು ತೊರೆಯಬಹುದು.

ಕೊಯ್ಲಿನ ಮರದಲ್ಲಿ ಇರುವೆಯ ಕಾಟ ಎಷ್ಟೆಂಬುದನ್ನು ಕೃಷಿಕರಿಗೆ ನಾನು ಹೇಳಬೇಕಿಲ್ಲ. ಆದರೆ ಬೇಲಿಯ ಮರ, ಹಿತ್ತಿಲ ಮರಗಳ ಗೂಡುಗಳು ಇರಲಿ. ಬೇರೆಡೆ ಪಂಜು ಹಿಡಿಯುವ ಮುನ್ನವೂ ಗೂಡಿಗೆ ದುಂಡನೆಯ ತೂತು ಇದೆಯೇ ಎಂದು ನೋಡಿ. ಇದ್ದರೆ ಮಳೆಗಾಲದವರೆಗೆ ಕಾಯಿರಿ. ವಿದ್ಯಾರ್ಥಿಗಳೇ, ನಿಂತುಹೋಗುವ ಬೈಕಿನ ಸದ್ದು ಮರದಿಂದ ಕೇಳಿದರೆ ಮನೆಯವರಿಗೆ ತಿಳಿಸಿ.

‘ಕಂಡಲ್ಲೆಲ್ಲ ಸುಡಿ’ ಎಂಬ ನನ್ನ ಹಳೆಯ ಸಲಹೆಯನ್ನು ಈ ಸಭೆಯಲ್ಲಿ ಹಿಂತೆಗೆದುಕೊಳ್ಳುತ್ತಿದ್ದೇನೆ.