ಗುಂಗುರುಗೂದಲಿನ ಆರೈಕೆ



ಎಳೆಯ ಮಗುವಿನ ಗುಂಗುರುಗೂದಲನ್ನು ಕಂಡು ಹಿಗ್ಗದ ಮನೆಯಿಲ್ಲ. ಅದೇ ಮಗು ಹತ್ತು ವರ್ಷದ ಹುಡುಗಿಯಾದೊಡನೆ ಆ ಕೂದಲೇ ಮನೆಯವರ ಕಣ್ಣಿಗೆ ಕಾಗೆಯ ಗೂಡಾಗುವುದು. ಒಣಗಿದ ತಲೆಯನ್ನು ಹಣಿಗೆಯಿಂದ ಎಳೆದೆಳೆದು ಬಾಚಿ, ಅವಳ ಕಣ್ಣಲ್ಲಿ ನೀರು ತರಿಸಿ, ಬಿಗಿಯಾಗಿ ಜಡೆ ಹೆಣೆದು ಶಾಲೆಗೆ ಕಳುಹಿಸುವೆವು. ತಪ್ಪು ಕೂದಲಿನದಲ್ಲ, ನಮ್ಮದು.

ಕೂದಲಿನ ಬುಡದಲ್ಲಿರುವ ಗ್ರಂಥಿಗಳು ಒಂದು ಬಗೆಯ ಜಿಡ್ಡನ್ನು ಸ್ರವಿಸುತ್ತವೆ. ನೆಟ್ಟನೆಯ ಕೂದಲಿನಲ್ಲಿ ಅದು ಸುಲಭವಾಗಿ ಕೆಳಕ್ಕೆ ಹರಡುವುದು. ಸುರುಳಿಯಲ್ಲಾದರೋ ತಿರುವು ತಿರುವಿಗೂ ತಡೆದು, ತುದಿಗಳು ಒಣಗಿಯೇ ಉಳಿಯುವುವು. ಇದಕ್ಕೆ ಎಣ್ಣೆಯೇ ಮದ್ದೆಂದು ನಾವು ಬಹುಕಾಲ ನಂಬಿದ್ದೆವು. ಆದರೆ ತೇವವೆಂದರೆ ನೀರು. ಎಣ್ಣೆ ಅದರ ಕಾವಲುಗಾರ ಮಾತ್ರ. ಒಣಗೂದಲಿಗೆ ಎಷ್ಟು ಎಣ್ಣೆ ಸುರಿದರೂ ಕಾಯುವುದಕ್ಕೆ ಅಲ್ಲಿ ಏನಿದೆ?

ಹಾಗೆಂದು ಅಭ್ಯಂಜನವನ್ನು ಹಳಿಯುವ ಉದ್ದೇಶ ನಮಗಿಲ್ಲ. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕೊಬ್ಬರಿ ಎಣ್ಣೆಯನ್ನು ಸೂರ್ಯಕಾಂತಿ ಎಣ್ಣೆಯೊಡನೆಯೂ ಖನಿಜತೈಲದೊಡನೆಯೂ ಹೋಲಿಸಿ ನೋಡಿದಾಗ, ಕೂದಲಿನ ಪ್ರೋಟೀನು ಸವೆದುಹೋಗುವುದನ್ನು ಗಮನಾರ್ಹವಾಗಿ ತಡೆದುದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿಯಬಲ್ಲುದು. ಹರಳೆಣ್ಣೆ ಮೇಲೆಯೇ ನಿಲ್ಲುವುದು. ಎಣ್ಣೆಯನ್ನು ತೆಗೆಯುವ ಆತುರದಲ್ಲಿ ಸೀಗೆಪುಡಿಯನ್ನು ಹಿಡಿ ಹಿಡಿಯಾಗಿ ಹಾಕಿ ಉಜ್ಜಿದರೆ ಮಾತ್ರ, ಪಟ್ಟ ಶ್ರಮವೆಲ್ಲ ವ್ಯರ್ಥ.

ನಮಗೆ ಎಲ್ಲಕ್ಕಿಂತ ಮೆಚ್ಚಿನದು ಹಿತ್ತಿಲಿನ ದಾಸವಾಳ. ಎಳೆಯ ಎಲೆಗಳನ್ನು ನೀರಿನಲ್ಲಿ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ, ಆ ಲೋಳೆಯನ್ನು ಒದ್ದೆಗೂದಲಿಗೆ ಹಚ್ಚಬೇಕು. ಸೋಸುವುದನ್ನು ಮರೆತವರು ಸುರುಳಿಗಳಿಂದ ಎಲೆಚೂರು ಆರಿಸುತ್ತ ಸಂಜೆಯವರೆಗೆ ಕುಳಿತಿರಬೇಕಾದೀತು! ಲೋಳೆ ಇರುವಾಗಲೇ ಬೆರಳುಗಳಿಂದ, ತುದಿಯಿಂದ ಬುಡದ ಕಡೆಗೆ, ಸಿಕ್ಕು ಬಿಡಿಸಿದರೆ ಹುಡುಗಿ ಅಳುವುದಿಲ್ಲ. ದಾಸವಾಳ ದೊರೆಯದವರು ಅಗಸೆಬೀಜವನ್ನು ನೀರಿನಲ್ಲಿ ಕುದಿಸಿಕೊಳ್ಳಬಹುದು. ಬಿಸಿಯಾಗಿರುವಾಗಲೇ ಸೋಸಬೇಕು, ಆರಿದ ಮೇಲೆ ಅದು ಬಟ್ಟೆಯಿಂದ ಇಳಿಯದು. ಕೆಲವೇ ದಿನಗಳಲ್ಲಿ ಕೆಡುವುದರಿಂದ ಹೆಚ್ಚಾಗಿ ಮಾಡಿಡುವುದೂ ಬೇಡ. ಅಂಗಡಿಯ ಕಂಡೀಷನರುಗಳನ್ನು ನಾವು ನಿಷೇಧಿಸುವುದಿಲ್ಲ. ಅವು ಕೂದಲನ್ನು ನುಣುಪಾಗಿಸುವುದು ನಿಜ. ಪರಿಮಳಕ್ಕೆ ಮರುಳಾಗಿ ಕೊಳ್ಳದಿದ್ದರೆ ಸರಿ.

ಒರೆಸುವುದಕ್ಕೆ ಒರಟು ಟವಲು ಸಲ್ಲದು; ಹಳೆಯ ಹತ್ತಿಯ ಪಂಚೆಯ ತುಂಡಿನಿಂದ, ಉಜ್ಜದೆ, ಒತ್ತಿ ನೀರನ್ನು ಹೀರಿಸಬೇಕು. ಕೂದಲು ಇನ್ನೂ ಹಸಿಯಾಗಿರುವಾಗಲೇ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ತುದಿಗಳಿಗೆ ತಾಕಿಸಿ, ಪೂರ್ತಿ ಒಣಗುವವರೆಗೆ ಹಣಿಗೆಯನ್ನು ಮುಟ್ಟದೆ ಬಿಡತಕ್ಕದ್ದು.